ಬಾವಿಗೆ ಬಿಟ್ಟ ಕುದುರೆ

ಡಾಬಕಾ ಊರಿಗೆ ಹೋಗಿ ಘೋಡೇವಾಲೆ ಹಾವಗೆಪ್ಪನ ಮನೆ ಯಾವುದೆಂದು ಕೇಳಿದರೆ ಆಡುವ ಮಕ್ಕಳೂ ತೋರಿಸುತ್ತಿದ್ದರು. ಕುದುರೆಯವನೆಂದು ಹೆಸರಾದ ಈ ಹಾವಗೆಪ್ಪನು ತನ್ನ ಜನ್ಮದಲ್ಲಿ ಒಮ್ಮೆಯೂ ಕುದುರೆಯ ಬೆನ್ನು ಹತ್ತಿದವನಲ್ಲ. ಹತ್ತಬೇಕೆಂಬ ಆಸೆಯೂ ಅವನಿಗಿರಲಿಲ್ಲ. ಆರನೆಯ ನಿಜಾಮರು ತೀರಿಹೋಗಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಔರಾದ ಸೀಮೆಯ ಕರಿನೆಲದಲ್ಲಿ ಜೋಳ, ತೊಗರಿ ಬೆಳೆದುಕೊಂಡು, ಹೊತ್ತಿಗೆ ಸರಿಯಾಗಿ ಲಿಂಗಪೂಜೆ ಮಾಡಿಕೊಂಡು, ಯಾರ ಗೊಡವೆಗೂ ಹೋಗದೆ ಇದ್ದವನಿಗೆ ಆ ಹೆಸರು ಬಂದದ್ದು ಒಂದು ಬಂದೂಕಿನಿಂದ.

ಅವನದು ಅಂಜುಬುರುಕ ಸ್ವಭಾವವೆಂದು ಕೆಲವರು ಅನ್ನುತ್ತಿದ್ದರು. ಅಂಜಿಕೆಯಲ್ಲ ಅದು, ತನ್ನ ವಸ್ತುವಿನಿಂದ ಮತ್ತೊಬ್ಬರಿಗೆ ನೋವಾಗಬಾರದೆಂಬ ಕಾಳಜಿ. ಯಾರಾದರೂ ಕುಡುಗೋಲು ಎರವಲು ಕೇಳಿದರೆ ಅದರ ಬಾಯಿಗೆ ಚಿಂದಿ ಸುತ್ತಿ ಕೊಡುತ್ತಿದ್ದನು. ತನ್ನ ಹೊಲದ ಬಾವಿಯಲ್ಲಿ ಊರವರ ಆಡು ಬೀಳಬಾರದೆಂದು ಸುತ್ತಲೂ ಮುಳ್ಳು ಹಚ್ಚಿದ್ದನು. ಯಾರನ್ನೂ ಹಾಯದ ತನ್ನ ಮುದಿ ಎತ್ತಿನ ಕೊಂಬುಗಳಿಗೂ ಅರಿವೆ ಸುತ್ತಿ ಬಜಾರಕ್ಕೆ ಹೊಡೆದುಕೊಂಡು ಹೋಗುತ್ತಿದ್ದನು.

"ಹಿಂಗs ನಡದ್ರ ಒಂದಿನ ನನ್ನ ಬಾಯಿಗೂ ಚಿಂದಿ ಸುತ್ತತೀರಿ," ಎಂದು ಹೆಂಡತಿ ಈರಮ್ಮ ಅನ್ನುವಳು.

"ಅಷ್ಟು ಚಿಂದಿ ಮನ್ಯಾಗ ಎಲ್ಲಿ ಅದಾವ," ಎಂದು ಹಾವಗೆಪ್ಪ ಮೆಲ್ಲನೆ ಹೇಳುವನು.

ಇಂಥವನ ಪಡಸಾಲೆಯ ಗೂಟಕ್ಕೆ ಒಂದು ಬಂದೂಕು ತೂಗುತ್ತಿತ್ತು. ರೋಹಿಲ್ಲರ ದರೋಡೆಯ ಕಾಲದಲ್ಲಿ ಅವನ ಅಜ್ಜ ಬೀದರದಲ್ಲಿ ಮಾಡಿಸಿ ತಂದದ್ದು. ಬಾಯಿಯಿಂದ ಮದ್ದು ಹಾಕಿ, ಗಜವೆಂಬ ಕಬ್ಬಿಣದ ಸಲಾಕಿಯಿಂದ ಜಡಿದು, ಆಮೇಲೆ ಹಾರಿಸುವಂಥದು. ದರೋಡೆಗಾರರು ಡಾಬಕಾಕ್ಕೆ ಬರಲೇ ಇಲ್ಲ. ಮಾಂಸ ಮುಟ್ಟದ ಮನೆಯಾದ್ದರಿಂದ ಬೇಟೆಯ ಮಾತೂ ಇಲ್ಲ. ಆದರೂ ಬಂದೂಕಿಗೆ ಸರಕಾರದ ಪರವಾನಾ ಬೇಕು. ಪರವಾನಾ ಹಾವಗೆಪ್ಪನ ಹೆಸರಿನಲ್ಲಿತ್ತು. ವರ್ಷಕ್ಕೊಮ್ಮೆ ಬೀದರಕ್ಕೆ ಹೋಗಿ ಬಂದೂಕು ತೋರಿಸಿ ಅದನ್ನು ಹೊಸದು ಮಾಡಿಸಿಕೊಂಡು ಬರುವುದು, ದಸರೆಯಲ್ಲಿ ಬನ್ನಿ ಮುಡಿದು ಬಂದ ಮೇಲೆ ಊರ ಮುಂದೆ ಗುಂಡಿಲ್ಲದೆ ಬರಿಯ ಮದ್ದಿನ ಒಂದು ಈಡು ಹಾರಿಸುವುದು, ಇಷ್ಟೇ ಅದರ ಬಾಳು.

ಒಂದು ದಸರೆಯಲ್ಲಿ ಅನರ್ಥವಾಯಿತು. ಹಾವಗೆಪ್ಪನು ಬೇವಿನ ಮರದ ಬುಡದಲ್ಲಿ ಮದ್ದು ಜಡಿಯುತ್ತಿದ್ದಾಗ ನೆರೆಮನೆಯ ಗೆಳೆಯ ವೈಜಿನಾಥನು ಬೊಡ್ಡೆಗೆ ಬೆನ್ನು ಮಾಡಿ ಎದುರಿಗೆ ನಿಂತು ಮಾತಾಡುತ್ತಿದ್ದನು. ವೈಜಿನಾಥನ ಮಾತಿಗೆ ತುದಿಯೆಂಬುದಿಲ್ಲ. ಎಮ್ಮೆ ಈದದ್ದರಿಂದ ಹಿಡಿದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿದ್ದರ ತನಕ ಬಂದಿತ್ತು. ಕೇಳುತ್ತ ಕೇಳುತ್ತ ಹಾವಗೆಪ್ಪನು ಗಜವನ್ನು ನಳಿಗೆಯೊಳಗೇ ಮರೆತನು. ಮರೆತು, ಬಂದೂಕು ಮೇಲೆತ್ತುವಷ್ಟರಲ್ಲಿ ಈಡು ಹಾರಿತು.

ಹೊಗೆ ಕರಗಿದಾಗ ವೈಜಿನಾಥನು ಬರಿದಲೆಯಲ್ಲಿ ನಿಂತಿದ್ದನು. "ನನ್ನ ರುಮಾಲ ಯಾರ ಎಳದ್ರೋ?" ಎಂದು ಹಿಂದಕ್ಕೆ ತಿರುಗಿ ನೋಡಿದನು. ಅವನು ತಲೆಗೆ ಸುತ್ತಿದ್ದ ರುಮಾಲು ಬೇವಿನ ಬೊಡ್ಡೆಗೆ ಅಂಟಿಕೊಂಡಿತ್ತು. ಅದರ ನಟ್ಟನಡುವೆ ಗಜ ನಾಟಿಕೊಂಡು ಇನ್ನೂ ನಡುಗುತ್ತಿತ್ತು.

ಊರಿಗೆ ಊರೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ವೈಜಿನಾಥ. ರುಮಾಲು ಬಿಚ್ಚಿದರೆ ಮಡಿಕೆ ಮಡಿಕೆಗೂ ತೂತು, ಥೇಟು ಜರಡಿ. ಅದನ್ನು ಅವನು ಹೊಲಿಸಲಿಲ್ಲ. ಹೋದಲ್ಲೆಲ್ಲ ಬಿಚ್ಚಿ ತೋರಿಸುವುದನ್ನೇ ಒಂದು ಉದ್ಯೋಗ ಮಾಡಿಕೊಂಡನು. ನಗದೆ ಉಳಿದವನು ಹಾವಗೆಪ್ಪನೊಬ್ಬನೇ. ಅವನು ಗೆಳೆಯನ ಹಣೆಗೂ ರುಮಾಲಿನ ತೂತು ಇದ್ದ ಜಾಗಕ್ಕೂ ನಡುವೆ ಬೆರಳಿಟ್ಟು ನೋಡಿದ್ದನು. ಎರಡು ಬೆರಳಿಗೆ ಜಾಗ ಸಾಲಲಿಲ್ಲ. ಊಟಕ್ಕೆ ಕುಳಿತಾಗಲೂ ಆ ಎರಡು ಬೆರಳುಗಳನ್ನು ನೋಡಿಕೊಳ್ಳುವನು.

ಅದೇ ಚಳಿಗಾಲದಲ್ಲಿ ಮಗಳು ಸುಮಿತ್ರಾಬಾಯಿಯ ಮದುವೆಯ ಮಾತು ಬಂದಿತು. ವರ ಭಾಲ್ಕಿಯವನು, ಅವನ ತಂದೆ ಶಿವರಾಜಪ್ಪನವರು ಭಾಲ್ಕಿಯ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟವರು, ಮರ್ಯಾದಸ್ಥರು. ಹುಡುಗ ಹುಡುಗಿ ಒಪ್ಪಿದ್ದರು. ಮಾತು ಮುಗಿಸಲು ಹೋದ ಹಾವಗೆಪ್ಪನ ಜೊತೆಗೆ ವೈಜಿನಾಥನೂ ಹೋದನು. ಚಹಾ ಬರುವ ಮೊದಲೇ ಅವನ ರುಮಾಲು ಬಿಚ್ಚಿತು.

ಶಿವರಾಜಪ್ಪನವರು ಅರಿವೆಯ ವ್ಯಾಪಾರಿಗಳಾದ್ದರಿಂದ ಮೊದಲು ನೂಲು ಮುಟ್ಟಿ ನೋಡಿದರು. ಆಮೇಲೆ ಒಂದು ತೂತನ್ನು ಕಣ್ಣಿಗೆ ಹಿಡಿದು ಹಾವಗೆಪ್ಪನನ್ನು ನೋಡಿದರು.

"ಬೀಗರ, ಈ ಕಿಂಡ್ಯಾಗಿಂದ ನೀವು ಭಾಳ ಧೈರ್ಯಸ್ಥರಂಗ ಕಾಣ್ತೀರಿ. ನಮಗ ಮತ್ತೇನೂ ಬ್ಯಾಡ್ರಿ. ದಿಬ್ಬಣ ನಿಮ್ಮ ಊರಿಗೆ ಬಂದಾಗ ಇದಿರುಗೊಳ್ಳಾಕ ಒಂದು ಈಡು ಹಾರಸ್ರಿ. ನಮ್ಮ ಭಾಲ್ಕ್ಯಾಗ ಯಾರ ಮದುವ್ಯಾಗೂ ಅದು ಆಗಿಲ್ಲ."

"ಸಣ್ಣ ಹುಡುಗ್ರು ಬರ್ತಾವರಿ," ಎಂದನು ಹಾವಗೆಪ್ಪ.

"ಅವಕ್ಕs ಖುಷಿ," ಎಂದರು ಶಿವರಾಜಪ್ಪನವರು.

"ನಾ ಇದ್ದೇನಲ್ರಿ, ಆಗ್ತದ ಬಿಡ್ರಿ," ಎಂದು ವೈಜಿನಾಥ ಮಾತು ಕೊಟ್ಟುಬಿಟ್ಟನು.

ಮನೆಗೆ ಬಂದ ಹಾವಗೆಪ್ಪನಿಗೆ ಅನ್ನ ಸೇರಲಿಲ್ಲ. ಈಡು ಹಾರಿಸಿದರೆ ಯಾರ ತಲೆ ಎಲ್ಲಿರುತ್ತದೋ ಬಲ್ಲವರಾರು. ಹಾರಿಸುವುದಿಲ್ಲವೆಂದರೆ ಬೀಗರ ಮಾತು ಮುರಿದಂತೆ. ಹಸೆಗೆ ಕೂಡುವ ಮಗಳ ಮುಖ ಏನಾಗಬೇಕು? ಈರಮ್ಮ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಅವನು ಬಂದೂಕು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡನು. ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಬಡಿದು ಮದ್ದಿಗೆ ಕಿಡಿ ಹಚ್ಚುವ ಒಂದು ಕಬ್ಬಿಣದ ತುಂಡು ಬಂದೂಕಿಗೆ ಇರುತ್ತದೆ. ಅದಕ್ಕೆ ಕನ್ನಡದಲ್ಲಿ ಕುದುರೆಯೆನ್ನುತ್ತಾರೆ. ಉರ್ದುವಿನಲ್ಲಿಯೂ ಅದು ಘೋಡಾ. ಆ ಕುದುರೆಯನ್ನು ಅವನು ತಿರುಗಿಸಿ ಬಿಚ್ಚಿದನು. ಹೊಲದ ಬಾವಿಯ ಮುಳ್ಳು ಸರಿಸಿ ಅದನ್ನು ನೀರಿಗೆ ಬಿಟ್ಟನು.

ತೊಗರಿಯ ಸಾಲಿನಿಂದ ಈರಮ್ಮ ಎದ್ದು ನಿಂತಳು. "ಬಾವ್ಯಾಗ ಏನ ಹಾಕಿದ್ರಿ?"

"ತಲಿ ಮ್ಯಾಲಿನ ಹೊರಿ."

"ಹೊರಿ ಬಿದ್ರ ಸಪ್ಪಳ ಜೋರ ಬರಬೇಕಿತ್ತು."

"ಸಣ್ಣದಿತ್ತು. ಭಾರ ಭಾಳ ಇತ್ತು," ಎಂದು ಹಾವಗೆಪ್ಪ ಮತ್ತೆ ಮುಳ್ಳು ಹಚ್ಚಿದನು.

ಬಂದೂಕಿಗೆ ಕುದುರೆಯಿಲ್ಲವೆಂದು ತಿಳಿದಾಗ ವೈಜಿನಾಥನು ತಲೆಯ ಮೇಲೆ ಕೈ ಹೊತ್ತನು. ಕುದುರೆ ಎಲ್ಲಿ ಹೋಯಿತೆಂದು ಅವನು ಕೇಳಲಿಲ್ಲ. ಹೇಳಲು ಹಾವಗೆಪ್ಪನಿಗೆ ಎಡೆಯನ್ನೂ ಕೊಡಲಿಲ್ಲ. "ಬಂದೂಕದ ಕುದುರಿ ಕಳಕೊಂಡು ಸುಮ್ಮ ಕೂತೀಯಾ? ಪರವಾನಾದಾಗ ಇಡೀ ಬಂದೂಕು ನಿನ್ನ ಹೆಸರಿಗದ. ನಾಳೆ ಯಾವನರ ಕಳ್ಳ ಆ ಕುದುರಿ ತನ್ನ ಬಂದೂಕಕ್ಕ ಹಚ್ಚಿ ಯಾರನ್ನರ ಹೊಡದ ಅಂದ್ರ, ಆ ಹೆಣ ಅರ್ಧ ನಿಂದು. ಚೌಕಿಗಿ ಹೋಗಿ ಬರಸು. ಬರಸಿದ ಮ್ಯಾಲ ಹೊಸಾದು ಮಾಡಸಾಕ ಅಪ್ಪಣಿ ಸಿಗ್ತದ. ಬೀದರದಾಗ ಕಮ್ಮಾರ ಬಾಬುಮಿಯಾ ಮಾಡಿಕೊಡ್ತಾನ. ಮದುವಿಗೆ ತಯಾರ."

ಹೊಸ ಕುದುರೆಯ ಮಾತು ಹಾವಗೆಪ್ಪನ ಕಿವಿಗೆ ಬೀಳಲಿಲ್ಲ. ಅರ್ಧ ಹೆಣದ ಮಾತು ಮಾತ್ರ ಎದೆಗೆ ಬಿದ್ದಿತು.

"ಏನಂತ ಹೇಳಲಿ?" ಎಂದನು.

"ಸರಕಾರದ ಮುಂದ ಉದ್ದ ಹೇಳಬಾರದು. ಅವರ ಭಾಷಾದಾಗ, ಸಣ್ಣಾಗಿ. 'ಸಾಬ್, ಘೋಡಾ ಗುಮ್.' ಕುದುರಿ ಕಳದದ ಅಂತ ಅರ್ಥ. ಇಷ್ಟs."

ಔರಾದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪೋಲೀಸ್ ಚೌಕಿ ಇತ್ತು. ಅಲ್ಲಿ ಬರೆಯುವ ಮುನಶಿ ಅಬ್ದುಲ ಅಜೀಜ ಹೈದರಾಬಾದಿನಿಂದ ಹೊಸದಾಗಿ ಬಂದವನು. ಸಭ್ಯ ಮನುಷ್ಯ, ಕನ್ನಡ ಕಲಿಯುತ್ತಿದ್ದನು. ಅಪ್ಪಣೆಯಿಲ್ಲದೆ ಬಂದೂಕು ಹೊತ್ತು ಊರು ದಾಟಬಾರದೆಂದು ಹಾವಗೆಪ್ಪ ಬರಿಗೈಯಲ್ಲಿ ಹೋಗಿದ್ದನು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಕೈಮುಗಿದು ಒಪ್ಪಿಸಿದನು.

"ಸಾಬ್, ಘೋಡಾ ಗುಮ್."

ಮುನಶಿಗೆ ಮರುಕವಾಯಿತು. ಲೆಕ್ಕಣಿಕೆಯನ್ನು ಶಾಯಿಯಲ್ಲಿ ಅದ್ದಿದನು. "ರಂಗ ಯಾವದು?"

"ಕರೀದ್ರಿ. ಅಲ್ಲಲ್ಲಿ ಕೆಂಪ."

"ವಯಸ್ಸು?"

"ನಮ್ಮ ಅಜ್ಜನ ಕಾಲದ್ದು."

ಮುನಶಿ ತಲೆಯೆತ್ತಿ ನೋಡಿದನು. ಹಳ್ಳಿಯವರು ಎಲ್ಲವನ್ನೂ ಅಜ್ಜನ ಕಾಲದ್ದೆನ್ನುತ್ತಾರೆಂದು ಸಮಾಧಾನ ಮಾಡಿಕೊಂಡು 'ಮುದಿ' ಎಂದು ಬರೆದನು. "ಎಲ್ಲಿ ಕಟ್ಟತಿದ್ರಿ?"

"ಪಡಸಾಲ್ಯಾಗ. ಗೂಟಕ್ಕ."

"ಮನಿ ಒಳಗ?"

"ಹೊರಗ ಇಟ್ರ ಮಳಿಗಿ ಕೆಡ್ತದ್ರಿ."

"ತಿನ್ಲಿಕ್ಕೆ ಏನ ಕೊಡತಿದ್ರಿ?"

ಸರಕಾರ ಇದನ್ನೆಲ್ಲ ಏಕೆ ಕೇಳುತ್ತದೆಂದು ಹಾವಗೆಪ್ಪನಿಗೆ ತಿಳಿಯಲಿಲ್ಲ. ಬಂದೂಕಿಗೆ ಮದ್ದು ತಿನ್ನಿಸುವುದೆಂದು ಜನ ಅನ್ನುವುದುಂಟು, ಆದರೆ ಕುದುರೆಗೆ? "ತಿನ್ನಾಕ ಏನೂ ಇಲ್ರಿ. ಆಗಾಗ ಒಂದೀಟು ಎಣ್ಣಿ ಹಚ್ಚತಿದ್ದೆ."

ಮುನಶಿ ನಿಟ್ಟುಸಿರು ಬಿಟ್ಟು 'ಬಡಕಲು' ಎಂದು ಸೇರಿಸಿದನು. "ಸ್ವಭಾವ? ಒದೀತದೇನು?"

"ಒದೀತದ್ರಿ. ಹೋದ ದಸರಾಕ್ಕ ನನ್ನ ಭುಜಕ್ಕ ಒದ್ದಿದ್ದು ಇನ್ನೂ ನೋವದ. ಒಬ್ಬನ ಜೀವಾನs ಹೋಗ್ತಿತ್ತು. ಸಾಹೇಬ್ರ, ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ. ಅದು ತಾನಾಗಿ ಕಳದಿಲ್ಲ. ನಾನs ಬಾವಿಗಿ ಬಿಟ್ಟೀನಿ."

ಈ ಮಾತು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂದಿತು. ನೀರು ಕುಡಿಯಲು ಬಾವಿಗೆ ಬಿಟ್ಟ ಕುದುರೆ ಹೊಲ ಹಿಡಿದು ಹೋಗಿದೆಯೆಂದು ಮುನಶಿ ಅಂದವಾದ ಅಕ್ಷರದಲ್ಲಿ ಬರೆದು, "ನೀವೇನೂ ಗುನ್ಹೆ ಮಾಡಿಲ್ಲ ಯಜಮಾನ್ರ, ಎಲ್ಲಾರೂ ಬಿಡ್ತಾರ," ಎಂದನು. ಒಪ್ಪಿಕೊಂಡ ತಪ್ಪು ಇಷ್ಟು ಬೇಗ ಹಗುರಾದದ್ದನ್ನು ಕಂಡು ಹಾವಗೆಪ್ಪ ನಿಜಾಮ ಸರಕಾರದ ದೊಡ್ಡತನವನ್ನು ಕೊಂಡಾಡುತ್ತ ಮನೆಗೆ ಬಂದನು.

ಎಂಟು ದಿನವಾದ ಮೇಲೆ ಚೌಕಿಯಿಂದ ಹೇಳಿಕೆ ಬಂತು: ಘೋಡಾ ಸಿಕ್ಕಿದೆ, ಬಂದು ಒಯ್ಯಬೇಕು. ಹಾವಗೆಪ್ಪ ಮೊದಲು ಬಾವಿಗೆ ಓಡಿ ಬಗ್ಗಿ ನೋಡಿದನು. ಮುಳ್ಳು ಹಚ್ಚಿದಂತೆಯೇ ಇತ್ತು. ಆಮೇಲೆ ಚೌಕಿಗೆ ಹೋದನು.

ಬೀಡಾಡಿ ದನ ಕೂಡಿಹಾಕುವ ಕೊಂಡವಾಡೆಯಲ್ಲಿ ವಾರಸುದಾರರಿಲ್ಲದ ಒಂದು ಕರಿ ಕುದುರೆ ಬಹಳ ದಿನಗಳಿಂದ ಸರಕಾರದ ಹುಲ್ಲು ತಿನ್ನುತ್ತ ನಿಂತಿತ್ತು. ಮೈಮೇಲೆ ಅಲ್ಲಲ್ಲಿ ಕೆಂಪು ಮಚ್ಚೆ, ಎಣಿಸಬಹುದಾದ ಎಲುಬುಗಳು. ಅಬ್ದುಲ ಅಜೀಜನು ಸಂತೋಷದಿಂದ ಅದರ ಹಗ್ಗವನ್ನು ಹಾವಗೆಪ್ಪನ ಕೈಗೆ ಕೊಟ್ಟನು.

"ಇದು ನಂದಲ್ರಿ."

"ಕರಿ, ಕೆಂಪ ಮಚ್ಚಿ, ಮುದಿ, ಬಡಕಲ. ಹುಲ್ಲ ಹಾಕವನ್ನ ಮೊನ್ನಿ ಒದ್ದದ. ಎಲ್ಲಾ ಕೂಡಿ ಬರ್ತದ."

"ನಂದು ಕಬ್ಬಿಣದ್ದರಿ. ಬಂದೂಕದ ಘೋಡಾ."

ಮುನಶಿ ಕನ್ನಡಕ ತೆಗೆದನು. ಒರೆಸಿ ಮತ್ತೆ ಹಾಕಿಕೊಂಡನು. ತಾನು ಕೇಳಿದ್ದನ್ನೂ ಬರೆದದ್ದನ್ನೂ ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲಿ ಓದಿಕೊಂಡನೆಂದು ತೋರುತ್ತದೆ. ಎಣ್ಣೆಯ ಮಾತಿಗೆ ಬಂದಾಗ ಅವನ ತುಟಿ ಸ್ವಲ್ಪ ಅದುರಿತು. ಕಡೆಗೆ ಬಲು ಮೆಲ್ಲನೆ ಹೇಳಿದನು: "ಯಜಮಾನ್ರ, ಘೋಡಾ ಸಿಕ್ತು ಅಂತ ಬೀದರಕ್ಕ ಕಾಗದ ಹೋಗ್ಯಾದ, ಮುದ್ರಿ ಬಿದ್ದದ. ಈಗ ಇದು ನಿಮ್ಮದಲ್ಲ ಅಂದ್ರ ನೀವು ಸರಕಾರಕ್ಕ ಸುಳ್ಳ ಬರಸಿದಂಗ, ನಾ ಸುಳ್ಳ ಬರದಂಗ. ಕುದುರಿ ಒಂದs ಸುಳ್ಳ ಹೇಳಿಲ್ಲ. ಒಯ್ರಿ. ಪಾಪ, ಇದಕ್ಕೂ ಯಾರೂ ಇಲ್ಲ."

ಯಾರೂ ಇಲ್ಲವೆಂಬ ಮಾತಿಗೆ ಹಾವಗೆಪ್ಪ ಸೋತನು. ಕುದುರೆಯ ಮುಂದೆ ತಾನು ನಡೆದು ಡಾಬಕಾಕ್ಕೆ ಬಂದನು. ಅಂಗಳದಲ್ಲಿ ನಿಂತ ಈರಮ್ಮ ಕುದುರೆಯನ್ನೂ ಗಂಡನನ್ನೂ ನೋಡಿ, "ಬಾವ್ಯಾಗ ಬಿಟ್ಟಿದ್ದು ಸಣ್ಣದು ಅಂದಿದ್ರಿ," ಎಂದಳು.

ಪರವಾನಾ ಹೊಸದು ಮಾಡಿಸುವ ದಿನವೂ ಬಂದಿತು. ಕಾಗದದಲ್ಲಿ ಬಂದೂಕು ಮತ್ತು ಘೋಡಾ ಎರಡೂ ಇದ್ದುದರಿಂದ ಹಾವಗೆಪ್ಪ ಎರಡನ್ನೂ ಕರೆದುಕೊಂಡು ಬೀದರಕ್ಕೆ ಹೊರಟನು. ಬಂದೂಕು ಕೌದಿಯಲ್ಲಿ ಸುತ್ತಿ ಹೆಗಲ ಮೇಲೆ, ಕುದುರೆ ಹಿಂದೆ. ಚಿದ್ರಿಯೆಂಬ ಊರಿನ ಹತ್ತಿರ ಒಬ್ಬ, "ಏರಿ ಹೋಗಬಾರದೇನ್ರಿ?" ಎಂದು ಕೇಳಿದನು. "ದಾರ್‍ಯಾಗ ಅದಕ್ಕ ಏನರ ಆದ್ರ? ನನ್ನ ಹೆಸರಿನ ಮ್ಯಾಲ ಅದ," ಎಂದು ಹಾವಗೆಪ್ಪ ನಡೆದನು.

ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರು ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿದರು. "ಘೋಡಾ ಎಲ್ಲಿ?"

"ಹೊರಗ ಹುಣಸಿಗಿಡಕ್ಕ ಕಟ್ಟೀನಿ ಹುಜೂರ," ಎಂದು ಹಾವಗೆಪ್ಪ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದನು. "ನನಗ ಈ ಬಂದೂಕs ಬ್ಯಾಡ್ರಿ. ಸರಕಾರನs ಇಟ್ಕೊಂಡ್ರ ಉಪಕಾರ ಆಗ್ತದ."

"ಪೂರಾ ಹತಿಯಾರ ಇದ್ರ ಜಮಾ ಮಾಡ್ಕೋತೇವಿ. ಘೋಡಾ ಇಲ್ಲದ್ದು ಹತಿಯಾರ ಅಲ್ಲ, ಬರೇ ಕಬ್ಬಿಣ."

"ಹಂಗಾರ ಪರವಾನಾ ಯಾಕ ಬೇಕ್ರಿ?"

"ಘೋಡಾ ಸಿಕ್ಕದ ಅಂತ ಬರದದಲ್ಲ. ಸಿಕ್ಕ ಮ್ಯಾಲ ಅದು ಹತಿಯಾರ. ಹತಿಯಾರಕ್ಕ ಪರವಾನಾ ಬೇಕು."

"ಹೊಸಾ ಘೋಡಾ ಮಾಡಸು ಅಂತಾರ ಊರವರು."

"ಒಂದು ಬಂದೂಕಕ್ಕ ಎರಡು ಘೋಡಾ ಎಲ್ಲ್ಯಾದ್ರೂ ಉಂಟೇನು?" ಪೇಶಕಾರರು ಎದ್ದು ಕಿಟಕಿಯಿಂದ ಹೊರಗೆ ನೋಡಿದರು. ಹುಣಸೆಯ ನೆರಳಲ್ಲಿ ಕುದುರೆ ಬಾಲ ಬೀಸುತ್ತಿತ್ತು. ಕುಳಿತು, 'ಘೋಡಾ ಹಾಜರು' ಎಂದು ಬರೆದರು. ಕೆಳಗೆ ಹುಕುಮೂ ಬಿದ್ದಿತು: ಇದ್ದ ಘೋಡಾವನ್ನು ಜೋಡಿಸಿದ ಹೊರತು ಬಂದೂಕು ಹಾರಿಸಕೂಡದು; ಬೇರೆ ಘೋಡಾ ಮಾಡಿಸಕೂಡದು.

ಹಾವಗೆಪ್ಪನು ಆ ಹುಕುಮನ್ನು ಓದಿಸಿ ಕೇಳಿದನು. ಮತ್ತೊಮ್ಮೆ ಓದಿಸಿದನು. ದಸರೆಯಿಂದ ಇತ್ತ ಅವನು ನಕ್ಕದ್ದು ಅದೇ ಮೊದಲು.

ಮದುವೆಯ ದಿನ ಭಾಲ್ಕಿಯ ದಿಬ್ಬಣ ಬೇವಿನ ಮರದ ಹತ್ತಿರ ನಿಂತಿತು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದರು. ಈಡಿಲ್ಲದೆ ಮುಂದೆ ಹೆಜ್ಜೆ ಇಡಬಾರದೆಂದು ಶಿವರಾಜಪ್ಪನವರು ಕೈಕಟ್ಟಿ ನಿಂತರು. ಹಂದರದ ಒಳಗೆ ಸುಮಿತ್ರಾಬಾಯಿ ಕಿವಿಗೊಟ್ಟು ಕುಳಿತಿದ್ದಳು. ಹಾವಗೆಪ್ಪ ಕೈಮುಗಿದು ಹುಕುಮು ತೋರಿಸಿದನು. ಶಿವರಾಜಪ್ಪನವರು ಅದನ್ನು ಓದಿ, ಮುದ್ರೆ ನೋಡಿ, ಹಂದರದ ಬದಿಗೆ ಕಟ್ಟಿದ್ದ ಕುದುರೆಯನ್ನು ನೋಡಿದರು. ಅವರ ಮುಖ ಗಂಟಿಕ್ಕಿತು.

"ಇದೇನ ಚೇಷ್ಟಿ ಮಾಡ್ತೀರೇನ್ರಿ ಬೀಗರ?"

"ಚೇಷ್ಟಿ ಆದ್ರ ಸರಕಾರದ್ದರಿ. ನಂದಲ್ಲ."

ಆಗ ವೈಜಿನಾಥನಿಗೆ ಬುದ್ಧಿ ಓಡಿತು. "ಜೋಡಿಸಿದ್ರ ಹಾರಿಸಬಹುದಂತಿಲ್ಲೋ? ಜೋಡಿಸಿದ್ರಾತು," ಎಂದು ಬಂದೂಕು ತಂದು ಕುದುರೆಯ ಹೊಟ್ಟೆಗೆ ಅಡ್ಡಲಾಗಿ ಕಟ್ಟತೊಡಗಿದನು. ನಳಿಗೆ ಖಾಲಿಯಿದೆಯೆಂದು ಹಾವಗೆಪ್ಪ ಬೆಳಿಗ್ಗೆಯೇ ಊದಿ ನೋಡಿದ್ದನು. ಆದರೆ ಕುದುರೆಯೂ ತನ್ನ ಹೆಸರಿನ ಮೇಲಿರುವ ವಸ್ತುವಲ್ಲವೆ. ಅದರ ಹಿಂದೆ ಯಾರೂ ಹಾಯಬಾರದೆಂದು ಅವನು ಸೂರ್ಯ ಮೂಡುವಾಗಲೇ ಅಲ್ಲಿ ಮುಳ್ಳು ಹಚ್ಚಿ, ಮುಳ್ಳು ಸಾಲದ ಕಡೆ ಬೀಗರ ಕಾಲು ತೊಳೆಯುವ ತಾಮ್ರದ ಹಂಡೆಯನ್ನು ಅಡ್ಡ ಇಟ್ಟಿದ್ದನು. ಮದುವೆಯ ಮನೆಯಲ್ಲಿ ಮುಳ್ಳು ಹಚ್ಚುವವನನ್ನು ಎಲ್ಲಿಯೂ ಕಂಡಿಲ್ಲವೆಂದು ವೈಜಿನಾಥ ಆಗ ನಕ್ಕಿದ್ದನು.

ಹಗ್ಗ ಬಿಗಿದದ್ದೇ ತಡ, ಕುದುರೆ ಹಿಂಗಾಲು ಎತ್ತಿ ಒದೆಯಿತು.

ಹಂಡೆಯ ಸಪ್ಪಳಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಡಾಬಕಾದ ನಾಯಿಗಳು ಬೊಗಳಿದವು. ಹಂಡೆ ನೀರು ಚೆಲ್ಲುತ್ತ ಉರುಳಿ ಹಂದರದ ಕಂಬಕ್ಕೆ ಬಡಿದು ಇನ್ನೊಮ್ಮೆ ಸಪ್ಪಳ ಮಾಡಿತು. ಹಾವಗೆಪ್ಪ ಹಂಡೆಯ ಕಡೆ ನೋಡಲಿಲ್ಲ. ದಿಬ್ಬಣದ ಒಳಗೆ ನುಗ್ಗಿ ಮಕ್ಕಳು, ಮುದುಕರು, ಹಲಗೆಯವರು ಎನ್ನದೆ ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಮುಟ್ಟಿ ನೋಡತೊಡಗಿದನು. ಶಿವರಾಜಪ್ಪನವರ ತಲೆಯ ಪಟಗಾದ ಮೇಲೂ ಕೈಯಿಟ್ಟನು. ಕೊನೆಗೆ ವೈಜಿನಾಥನ ಹಣೆಗೆ ಎರಡು ಬೆರಳು ಹಚ್ಚಿ ನಿಂತನು.

ವೈಜಿನಾಥನು ಹಂಡೆಗೆ ಬಿದ್ದ ತಗ್ಗನ್ನು ನೋಡಿದನು; ಗೆಳೆಯನ ಬೆರಳನ್ನು ನೋಡಿದನು; ರುಮಾಲನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡನು.

ಶಿವರಾಜಪ್ಪನವರು ಬೀಗರ ಮುಖ ನೋಡಿದರು. ತಮ್ಮ ಪಟಗಾ ಮುಟ್ಟಿದ ಕೈ ಏನನ್ನು ಹುಡುಕಿತೆಂದು ಅವರಿಗೆ ತಿಳಿಯಿತು. ವ್ಯಾಪಾರಸ್ಥರಾದ್ದರಿಂದ ಮಾತನ್ನು ಹೇಗೆ ಮುಗಿಸಬೇಕೆಂಬುದನ್ನೂ ಬಲ್ಲವರು. "ಹುಕುಮಿನ ಪ್ರಕಾರ ಘೋಡಾ ಜೋಡಿಸಿದ್ರು, ಸಪ್ಪಳ ಬಂತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ನಮಗ ಈಡು ಮುಟ್ಟಿತು. ಅಕ್ಕಿಕಾಳಿನ ಮುಹೂರ್ತ ಮೀರ್ತದ, ನಡೀರಿ."

ಹಲಗೆಯವರು ಮತ್ತೆ ಬಾರಿಸಿದರು. ಹಸೆಯ ಮೇಲೆ ಕುಳಿತ ಮಗಳು ತಗ್ಗುಬಿದ್ದ ಹಂಡೆಯನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಳು. ತವರಿನಿಂದ ಅದೇ ಹಂಡೆ ಬೇಕೆಂದು ಹಟ ಮಾಡಿ ಭಾಲ್ಕಿಗೆ ಒಯ್ದಳು.

ಕುದುರೆ ಆಮೇಲೆ ಹಲವು ವರ್ಷ ಬದುಕಿತು. ಕೆಲಸವಿಲ್ಲದೆ ತಿಂದು ದುಂಡಗಾಯಿತು. ಅದರ ಹಿಂದಿನ ಮುಳ್ಳು ಬೇಲಿಯನ್ನು ಹಾವಗೆಪ್ಪ ಪ್ರತಿ ಯುಗಾದಿಗೆ ಹೊಸದು ಮಾಡುತ್ತಿದ್ದನು. ವರ್ಷಕ್ಕೊಮ್ಮೆ ಇಬ್ಬರೂ ನಡೆದು ಬೀದರಕ್ಕೆ ಹೋಗಿ ಹುಣಸೆಯ ನೆರಳಲ್ಲಿ ಹಾಜರಾಗಿ ಬರುವರು. ದಾರಿಯ ಜನ ಇಟ್ಟದ್ದೇ ಘೋಡೇವಾಲೆ ಎಂಬ ಹೆಸರು. ಬಂದೂಕು ಗೂಟದ ಮೇಲೆ ಉಳಿಯಿತು. ಈರಮ್ಮ ಅದರ ಮೇಲೆ ಒದ್ದೆ ಅರಿವೆ ಒಣಹಾಕುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವಾಗ ಬುಟ್ಟಿಯಲ್ಲಿ ತುಕ್ಕು ತಿಂದ ಒಂದು ಕಬ್ಬಿಣ ಬಂತು. ವೈಜಿನಾಥ ಅದನ್ನು ತೊಳೆದು ಗುರುತು ಹಿಡಿದು ಓಡಿಬಂದನು.

"ಹಾವಗೆಪ್ಪಾ, ನಿನ್ನ ಕುದುರಿ ಸಿಕ್ತು ನೋಡು."

ಹೊಲದ ಬದುವಿನಲ್ಲಿ ಕುದುರೆಯ ಮೈ ತಿಕ್ಕುತ್ತಿದ್ದ ಹಾವಗೆಪ್ಪ ತಿರುಗಿಯೂ ನೋಡಲಿಲ್ಲ. "ನಂದು ಇಲ್ಲೇ ಕಟ್ಟೀನಲ್ಲೋ. ಸರಕಾರದ ಕಾಗದದಾಗ ಒಂದs ಬರದಾರ. ಅದು ಮತ್ತ್ಯಾರದೋ ಇರಬೇಕು. ಚೌಕಿಗಿ ಒಯ್ದು, ಘೋಡಾ ಸಿಕ್ಕದ ಅಂತ ಬರಸಿ ಬಾ."

ವೈಜಿನಾಥ ಅಂಗೈಯ ಮೇಲಿನ ಕಬ್ಬಿಣವನ್ನು ನೋಡಿದನು. ರಂಗು, ವಯಸ್ಸು, ಏನು ತಿನ್ನುತ್ತದೆ, ಒದೆಯುತ್ತದೆಯೇ. ಹಾವಗೆಪ್ಪ ಹೇಳಿದ್ದ ಮುನಶಿಯ ಪ್ರಶ್ನೆಗಳೆಲ್ಲ ಸಾಲಾಗಿ ನೆನಪಾದವು. ಒಂದು ಕೈ ತನಗೆ ತಿಳಿಯದಂತೆ ರುಮಾಲಿನ ತೂತಿಗೆ ಹೋಯಿತು. ಹಿಂದಿರುಗಿ ಬಾವಿಗೆ ನಡೆದನು. ಸ್ವಲ್ಪ ಹೊತ್ತಿಗೆ ನೀರಿನಿಂದ ಸಣ್ಣ ಸಪ್ಪಳ ಕೇಳಿತು.

"ಮುಳ್ಳು ಹಚ್ಚಿದಿಯೋ?" ಎಂದು ಹಾವಗೆಪ್ಪ ಕೂಗಿ ಕೇಳಿದನು.

"ಹಚ್ಚೀನಿ," ಎಂದನು ವೈಜಿನಾಥ.